ಕಿವಿಯಿಂದ ಕೊಳ್ಳುವ ಹಣ್ಣು

ಫ್ರೋಜನ್ ಹಣ್ಣಿನ ಚೀಲ ಕೈಗೆ ಬಂದರೆ ಮೇಲಿನ ಚಿತ್ರ ನೋಡಬೇಡಿ, ಬೆಲೆಯನ್ನೂ ಆಮೇಲೆ ಕೇಳಿ. ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ತುಂಡುಗಳು ಗೋಲಿಗಳ ಹಾಗೆ ಒಂದಕ್ಕೊಂದು ತಾಗಿ ಗಲಗಲ ಎಂದರೆ ಆ ಹಣ್ಣು ಹೆಪ್ಪುಗಟ್ಟಿದ ಮೇಲೆ ಕರಗಿಲ್ಲ ಎಂದು ಅರ್ಥ. ಸದ್ದೇ ಇಲ್ಲದೆ ಇಟ್ಟಿಗೆಯ ಹಾಗೆ ಕೂತಿದ್ದರೆ ಅದು ದಾರಿಯಲ್ಲಿ ಎಲ್ಲೋ ಕರಗಿ, ನೀರು ಬಿಟ್ಟು, ಮತ್ತೆ ಗಟ್ಟಿಯಾಗಿ ನಿಮ್ಮ ಹತ್ತಿರ ಬಂದಿದೆ. ಅಂಥ ಚೀಲವನ್ನು ಬಿಟ್ಟಿ ಕೊಟ್ಟರೂ ಒಲ್ಲೆ ಅನ್ನಿ.

ಗಲ್ಫಿಗೆ ಹೊರಟ ಹುಡುಗರು, ಆಮದು-ರಫ್ತಿನ ಕೋರ್ಸ್ ಮುಗಿಸಿದವರು ಈಗಲೂ ಹುಬ್ಬಳ್ಳಿಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಾಗದಪತ್ರ, ಬ್ಯಾಂಕು, ವಿಮೆ ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವನ್ನು ಬಿಟ್ಟು ಬರೆಯುತ್ತೇನೆ. ಮಸ್ಕತ್ತಿನಲ್ಲಿ ನಾನು ಯಾವಾಗ ಸೇಲ್ಸ್‌ಮನ್ ಆಗಿದ್ದವನು ಖರೀದಿ ಮ್ಯಾನೇಜರ್ ಆದೆ ಎನ್ನುವುದನ್ನೂ ಬಿಡುತ್ತೇನೆ. ಆದ ಮರುದಿನವೂ ಮಾಲು ಹಂಚುತ್ತಿದ್ದ ಅದೇ ವ್ಯಾನನ್ನೇ ಓಡಿಸಿದೆ.

ನನ್ನ ಕಲಿಕೆಯೆಲ್ಲ ಹುಬ್ಬಳ್ಳಿಯ ಹಣ್ಣಿನ ಮಾರುಕಟ್ಟೆಯಲ್ಲಿ ಆದದ್ದು. ಒಬ್ಬ ಮಾವಿನ ದಲಾಲರ ಅಂಗಡಿಯಲ್ಲಿ ದುಡಿಯುತ್ತಿದ್ದೆ. ಅಲ್ಲಿ ಎರಡು ವಿಷಯ ಕಲಿತೆ. ಬುಟ್ಟಿಯ ತಳದ ಹಣ್ಣು ನೋಡದೆ ಮಾತು ಕೊಡಬಾರದು. ಎದುರಿನವನು ಎದ್ದು ಹೊರಟರೆ ಮತ್ತೆ ಕೂರಲು ಅವನಿಗೊಂದು ನೆಪ ಕೊಡಬೇಕು. ಈ ಎರಡನ್ನು ಕಟ್ಟಿಕೊಂಡು ಮಸ್ಕತ್ತಿಗೆ ಹೋದೆ. ಉಳಿದದ್ದನ್ನು ಹೊಡೆತ ತಿಂದು ಕಲಿತೆ.

ನಮ್ಮ ಆಫೀಸು ಮಸ್ಕತ್ತಿನ ರೂವಿಯಲ್ಲಿ, ಕೋಲ್ಡ್ ಸ್ಟೋರ್ ಅಲ್ಲಿಂದ ತುಸು ದೂರದ ಬರ್ಕಾದಲ್ಲಿ. ಹೋಟೆಲು, ಜ್ಯೂಸ್ ಅಂಗಡಿಗಳಿಗೆ ಹಣ್ಣು ಪೂರೈಸುವ ವ್ಯಾಪಾರ. ಧಣಿಯ ಹೆಸರು ಹಮೂದ್. ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಹುಟ್ಟಿದ್ದು ಜಾಂಜಿಬಾರಿನಲ್ಲಿ, ಎಳೆಯ ವಯಸ್ಸಿನಲ್ಲಿ ಒಮಾನಿಗೆ ಬಂದವರು. ಲೆಕ್ಕ ಅರಬ್ಬಿಯಲ್ಲಿ, ಸಿಟ್ಟು ಸ್ವಾಹಿಲಿಯಲ್ಲಿ, ನಮ್ಮ ಜೊತೆ ಮಾತ್ರ ಹಿಂದಿ. ಆ ಹಿಂದಿಯನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಚೆಯ ಆ ವರ್ಷಗಳಲ್ಲಿ ರಂಜಾನ್ ತಿಂಗಳು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಸೆಕೆಗಾಲದ ಹತ್ತಿರ ಬರುತ್ತಿತ್ತು. ಉಪವಾಸ ಬಿಡುವ ಹೊತ್ತಿಗೆ ಇಡೀ ದೇಶ ಜ್ಯೂಸ್ ಕೇಳುತ್ತದೆ. ಅರ್ಬಾಬ್‌ಗೆ ಆಫ್ರಿಕಾದ ಅನಾನಸಿನ ರುಚಿ ನಾಲಿಗೆಯ ಮೇಲೆಯೇ ಇತ್ತು. ಕಂಪಾಲಾದಲ್ಲಿದ್ದ ಅವರ ಸೋದರ ಸಂಬಂಧಿಯೊಬ್ಬರು ಎಸ್ತರ್ ಎಂಬ ಹೆಣ್ಣುಮಗಳ ಹೆಸರು ಹೇಳಿದರು. ಆಕೆ ಅನಾನಸು ಕತ್ತರಿಸಿ ಹೆಪ್ಪುಗಟ್ಟಿಸಿ ಕಳಿಸಬಲ್ಲವರು. ವಿಮಾನದಲ್ಲಿ ನಮೂನೆ ತರಿಸಿದೆವು. ಹಾಗೇ ತಿನ್ನುವಂತಿತ್ತು.

ತೊಡಕು ಇದ್ದದ್ದು ಭೂಪಟದಲ್ಲಿ. ಯುಗಾಂಡಾಕ್ಕೆ ಸಮುದ್ರವಿಲ್ಲ. ಅಲ್ಲಿನ ಹಣ್ಣು ಹಡಗು ಹತ್ತಬೇಕಾದರೆ ಲಾರಿಯ ಮೇಲೆ ಕೂತು ಇನ್ನೊಂದು ದೇಶವನ್ನು, ಕೆನ್ಯಾವನ್ನು, ಈ ತುದಿಯಿಂದ ಆ ತುದಿಗೆ ದಾಟಿ ಮೊಂಬಾಸಾ ಬಂದರು ಸೇರಬೇಕು. ಹಣ್ಣು ತುಂಬುವ ಕಂಟೇನರ್ ಎಂದರೆ ಒಂದು ದೊಡ್ಡ ಫ್ರಿಜ್ಜು. ಹಡಗಿನಲ್ಲಿ ಅದಕ್ಕೆ ಕರೆಂಟ್ ಸಿಗುತ್ತದೆ. ರಸ್ತೆಯಲ್ಲಿ ಅದಕ್ಕೇ ಕಟ್ಟಿದ ಡೀಸೆಲ್ ಜನರೇಟರ್ ಓಡುತ್ತಿರಬೇಕು. ಅದು ನಿಂತರೆ ಫ್ರಿಜ್ಜು ಬರೀ ಕಬ್ಬಿಣದ ಡಬ್ಬಿ.

ದರ ಮಾತಾಡಲು ನಾನೇ ಕಂಪಾಲಾಗೆ ಹೋದೆ. ಊರ ಹೊರಗೆ ತಗಡಿನ ಶೆಡ್ಡು. ಮೂವತ್ತು ಮಂದಿ ಹೆಂಗಸರು ಸಾಲಾಗಿ ನಿಂತು ಅನಾನಸು ಹೆರೆಯುತ್ತಿದ್ದರು. ಆ ಸೆಕೆಯಲ್ಲಿ ಎಸ್ತರ್ ಉಣ್ಣೆಯ ಟೋಪಿ, ಗಂಬೂಟು ಹಾಕಿಕೊಂಡು ಫ್ರೀಜರಿನ ಒಳಗಿಂದ ಹೊರಬಂದರು. ನಮ್ಮ ಕಡೆಯ ರೂಢಿಯಲ್ಲಿ ನಾನು ಆಕೆಯನ್ನು ಎಸ್ತರ್‌ಬಾಯಿ ಎಂದೇ ಕರೆದೆ. ಅದು ಆಕೆಗೂ ಒಗ್ಗಿತು. ನಾನು ಎರಡು ತಾಸು ದರ ಜಗ್ಗಿದೆ.

"ಮಿಸ್ಟರ್ ಈರಣ್ಣ, ನೀವು ಹೀಗೇ ಕೆತ್ತುತ್ತಾ ಹೋದರೆ ಕೊನೆಗೆ ಉಳಿಯುವುದು ನಡುವಿನ ದಿಂಡು," ಎಂದರು.

"ದಿಂಡನ್ನೂ ಕೊಡಿ ಬಾಯಿ, ಅದಕ್ಕೂ ಗಿರಾಕಿ ಹುಡುಕುತ್ತೇನೆ."

ಆಕೆ ಅದನ್ನು ತಮ್ಮ ಭಾಷೆಯಲ್ಲಿ ಹೆಂಗಸರಿಗೆ ಹೇಳಿದರು. ಮೂವತ್ತು ಚಾಕುಗಳೂ ನಿಂತು ಶೆಡ್ಡೆಲ್ಲ ನಕ್ಕಿತು. ಆಮೇಲೆ ಎಸ್ತರ್‌ಬಾಯಿ ನಗದೆ ಹೇಳಿದ ಮಾತು ನನಗೆ ನೆನಪಿದೆ. "ಈ ಊರಲ್ಲಿ ಪ್ರತಿ ಹಿತ್ತಿಲಲ್ಲಿ ಅನಾನಸು ಬೆಳೆಯುತ್ತದೆ. ಫ್ರೀಜರಿನ ಹಣ್ಣನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ. ಇರುವ ಒಬ್ಬನೇ ಗಿರಾಕಿ ನೀವು. ನೀವು ಬಿಟ್ಟರೆ ಈ ಯಂತ್ರದ ಒಳಗೆ ನಾನೇ ಕೂರಬೇಕು, ಇವರೆಲ್ಲ ಮನೆಗೆ ಹೋಗಬೇಕು."

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು. ಸಮುದ್ರವಿಲ್ಲದ ದೇಶದವರ ಜೊತೆ ಕೂತಾಗ ಹಣ್ಣಿನ ದರದ ಮೇಲೆ ಎರಡು ತಾಸು ಕಳೆಯಬೇಡಿ. ಒಂದೂವರೆ ತಾಸು ದಾರಿಯ ಮೇಲೆ ಕಳೆಯಿರಿ. ಲಾರಿ ಯಾರದು, ಎಲ್ಲೆಲ್ಲಿ ನಿಲ್ಲುತ್ತದೆ, ನಿಂತಾಗ ಯಾರು ಏನು ಮಾಡುತ್ತಾರೆ ಎಂದು ಕೇಳಿ. ನಾನು ಕೇಳಿರಲಿಲ್ಲ.

ವಾರದ ರಜೆಯದು ಇನ್ನೊಂದು ಪಾಠ. ಆಗ ಒಮಾನಿನಲ್ಲಿ ಗುರುವಾರ ಶುಕ್ರವಾರ ರಜೆ. ಯುಗಾಂಡಾದವರಿಗೆ ಶನಿವಾರ ಭಾನುವಾರ. ಇಬ್ಬರೂ ಕುರ್ಚಿಯಲ್ಲಿ ಇರುವುದು ವಾರಕ್ಕೆ ಮೂರೇ ದಿನ. ಶನಿವಾರ ಬೆಳಿಗ್ಗೆ ನಾವು ಹುರುಪಿನಿಂದ ಫೋನ್ ಹಚ್ಚಿದರೆ ಎಸ್ತರ್‌ಬಾಯಿ ಎತ್ತುತ್ತಿರಲಿಲ್ಲ. "ವಾರವೆಲ್ಲ ಹಿಮದಲ್ಲಿ ನಿಲ್ಲುತ್ತೇನೆ, ಶನಿವಾರ ಬಿಸಿಲಿಗೆ ಕೂರುತ್ತೇನೆ, ಯಾರ ಫೋನೂ ಬೇಡ," ಎಂದು ಮೊದಲೇ ಹೇಳಿದ್ದರು. ಒಂದು ಆರೋಗ್ಯ ಪ್ರಮಾಣಪತ್ರದ ತಿದ್ದುಪಡಿಯನ್ನು ನಾನು ಬುಧವಾರ ಸಂಜೆ ಕೇಳಿದೆ; ಗುರುವಾರ ಆಕೆ ಮರುಪ್ರಶ್ನೆ ಕೇಳಿದಾಗ ನಮಗೆ ರಜೆ, ಶನಿವಾರ ನಾವು ಉತ್ತರಿಸಿದಾಗ ಆಕೆಗೆ ರಜೆ, ತಿದ್ದುಪಡಿ ಬಂದದ್ದು ಸೋಮವಾರ. ಅವಸರದ ಕೆಲಸವನ್ನು ಸೋಮವಾರ ಬೆಳಿಗ್ಗೆಯೇ ಮುಗಿಸುವುದನ್ನು ಆಮೇಲೆ ರೂಢಿ ಮಾಡಿಕೊಂಡೆ.

ಮೊದಲ ಕಂಟೇನರ್ ಬಂತು. ಬರ್ಕಾದ ಕೋಲ್ಡ್ ಸ್ಟೋರ್ ನೋಡಿಕೊಳ್ಳುತ್ತಿದ್ದವರು ವಿಠಲ ಶೆಟ್ಟರು, ಮಂಗಳೂರು ಕಡೆಯವರು. ಬಾಗಿಲ ಬಳಿಯ ಕೆಲವು ಪೆಟ್ಟಿಗೆ ಇಳಿಸಿ ಅಂದೇ ವ್ಯಾನಿಗೆ ಹಾಕಿ ಒಳನಾಡಿನ ಇಬ್ರಾ ಎಂಬ ಊರಿಗೆ ಕಳಿಸಿದರು. ಮಿಕ್ಕದ್ದು ಕಂಟೇನರಿನಲ್ಲೇ, ಕರೆಂಟ್ ಕೊಟ್ಟು ನಿಲ್ಲಿಸಿತ್ತು. ಮರುದಿನ ಇಬ್ರಾದ ಜ್ಯೂಸ್ ಅಂಗಡಿಯಿಂದ ಫೋನ್. ಹೋಗಿ ನೋಡಿದರೆ ಅಂಗಡಿಯ ಮಲಯಾಳಿ ನಮ್ಮ ಚೀಲವನ್ನು ಕೌಂಟರಿನ ಮೇಲೆ ಇಟ್ಟು, ಪಕ್ಕದಲ್ಲಿ ಸುತ್ತಿಗೆಯನ್ನೂ ಇಟ್ಟಿದ್ದ.

"ಸಾರ್, ಇದನ್ನು ಮಿಕ್ಸಿಗೆ ಹಾಕಲೋ, ಇದರಲ್ಲಿ ಮನೆ ಕಟ್ಟಲೋ?" ಎಂದು ಹಿಂದಿಯಲ್ಲಿ ಕೇಳಿದ. ಚೀಲ ಎತ್ತಿ ಅಲ್ಲಾಡಿಸಿದೆ. ಸದ್ದಿಲ್ಲ. ಇಡೀ ಅನಾನಸು ಒಂದೇ ಗಟ್ಟಿ.

ರೂವಿಗೆ ಬರುವಷ್ಟರಲ್ಲಿ ಸುದ್ದಿ ಅರ್ಬಾಬ್‌ಗೆ ಮುಟ್ಟಿತ್ತು. ನನಗೆ ಕಾವಾ, ಅಂದರೆ ಅವರ ಕಾಫಿ, ಹಾಕಿಸಿಕೊಟ್ಟರು. ಮೊದಲ ಬಟ್ಟಲು ಮುಗಿಯುವ ತನಕ ವ್ಯಾಪಾರ ಮಾತಾಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಮುಗಿದ ಮೇಲೆ ಹೇಳಿದರು.

"ಈರಣ್ಣಾ, ಆಫ್ರಿಕಾದ ಮೇಲೆ ನನಗೆ ಪ್ರೀತಿ ಇದೆ. ಗಿರಾಕಿ ನನ್ನ ಪ್ರೀತಿಯನ್ನು ಕುಡಿಯುವುದಿಲ್ಲ. ರಂಜಾನ್‌ಗೆ ಸಮುದ್ರ ಇರುವ ದೇಶದಿಂದ ತರಿಸು. ಯುಗಾಂಡಾ ಖಲಾಸ್."

"ಅರ್ಬಾಬ್, ಇಬ್ರಾಕ್ಕೆ ಹೋದದ್ದು ಬಾಗಿಲ ಬಳಿಯದು. ಪೂರ್ತಿ ಇಳಿಸಿ ನೋಡೋಣ. ಒಳಗಿನದೂ ಹೀಗೇ ಇದ್ದರೆ ಆ ಹೆಂಗಸಿಗೆ ನಾನೇ ಫೋನ್ ಮಾಡಿ ಖಲಾಸ್ ಎನ್ನುತ್ತೇನೆ."

ಎರಡನೇ ಬಟ್ಟಲು ಬಂತು. ಬೇಡ ಎನ್ನಲು ಬಟ್ಟಲನ್ನು ಅಲ್ಲಾಡಿಸಬೇಕು. ಅವರು ಅಲ್ಲಾಡಿಸದೆ ಹಾಕಿಸಿಕೊಂಡರು. "ಇಳಿಸು," ಎಂದರು.

ಬರ್ಕಾದಲ್ಲಿ ಶೆಟ್ಟರಿಗೆ ಇದು ಸರಿ ಬರಲಿಲ್ಲ.

"ಎಂಥ ಮಾರಾಯ್ರೆ, ಬಿಸಾಡುವ ಮಾಲಿಗೆ ಇಷ್ಟು ಮರ್ಯಾದೆ ಯಾಕೆ? ಇಡೀ ಕಂಟೇನರ್ ಇಳಿಸ್ಲಿಕ್ಕೆ ನನ್ನ ಜನ ಎಲ್ಲಿದ್ದಾರೆ?"

"ಶೆಟ್ರ, ಬುಟ್ಟಿ ತಳ ನೋಡೂಣು. ನಿಮ್ಮ ಮೂಗಿನ ಮುಂದಿನ ನಾಕು ಪೆಟ್ಟಿಗಿ ನೋಡಿ ಊರಿಗೆಲ್ಲಾ ಸುದ್ದಿ ಮಾಡಬ್ಯಾಡ್ರಿ."

"ನಾನು ಸುದ್ದಿ ಮಾಡಿದ್ದಲ್ಲ, ಇಬ್ರಾದವ ಮಾಡಿದ್ದು. ಸುತ್ತಿಗೆ ಅವನ ಕೈಯಲ್ಲಿ ಇದ್ದದ್ದು."

ಸಾಲು ಸಾಲಾಗಿ ಇಳಿಸಿದೆವು. ಬಾಗಿಲ ಬಳಿಯ ಸಾಲುಗಳೆಲ್ಲ ಇಟ್ಟಿಗೆ. ಅದರ ಹಿಂದಿನ ಸಾಲಿನ ಚೀಲಗಳಲ್ಲಿ ಅರೆಬರೆ ಸದ್ದು. ಇನ್ನೂ ಒಳಗೆ ಹೋದಂತೆ ಗಲಗಲ, ಗಲಗಲ. ಶೆಟ್ಟರು ಕೈಗವಸು ಬಿಚ್ಚಿ ಒಂದು ಚೀಲವನ್ನು ಬಲಗಿವಿಗೆ, ಆಮೇಲೆ ಎಡಗಿವಿಗೆ ಹಿಡಿದು ಅಲ್ಲಾಡಿಸಿದರು.

"ಇದೆಂಥದು ಮಾರಾಯ್ರೆ, ಒಂದೇ ಡಬ್ಬಿಯಲ್ಲಿ ಎರಡು ನಮೂನೆ ಮಾಲು."

ಇಲ್ಲಿ ಒಂದು ಸೂಚನೆ. ಕೋಲ್ಡ್ ಸ್ಟೋರಿನಲ್ಲಿ ಎಲ್ಲರೂ ನಮೂನೆ ತೆಗೆಯುವುದು ಬಾಗಿಲ ಹತ್ತಿರದಿಂದ, ಕೈಗೆ ಸಿಗುವುದು ಅದೇ ಆದ್ದರಿಂದ. ಅದು ಕೆಟ್ಟಿದ್ದರೆ ಇಡೀ ಕಂಟೇನರ್ ಕೆಟ್ಟಿದೆ ಎಂದು ಬರೆದು ಮಾರಾಟಗಾರನ ತಲೆಗೆ ಕಟ್ಟುತ್ತಾರೆ. ಹಾಗೆ ಎಷ್ಟು ಒಳ್ಳೆಯ ಸರಕು ಬಿಸಾಡಿದ್ದೇವೋ ದೇವರಿಗೇ ಗೊತ್ತು.

ಕೆಟ್ಟ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಎಸ್ತರ್‌ಬಾಯಿಯ ಶೆಡ್ಡಿನಲ್ಲಿ ಪೆಟ್ಟಿಗೆಗೆ ಹಚ್ಚುವುದು ಪಾರದರ್ಶಕ ಟೇಪು. ಬಾಗಿಲ ಬಳಿಯ ಕೆಲವು ಪೆಟ್ಟಿಗೆಗಳ ಮೇಲೆ ಅದರ ಮೇಲೊಂದು ಕಂದು ಟೇಪು ಇತ್ತು. ಯಾರೋ ತೆರೆದಿದ್ದಾರೆ, ಮತ್ತೆ ಮುಚ್ಚಿದ್ದಾರೆ. ಗಡಿಯಲ್ಲಿ ಬಾಗಿಲಿನ ಮೊಹರು ಒಡೆದು ಹೊಸದು ಹಾಕುವುದು ಆ ದಾರಿಯಲ್ಲಿ ಮಾಮೂಲು, ಹಾಗಾಗಿ ಮೊಹರು ಬದಲಾದದ್ದನ್ನು ನಾವು ದೊಡ್ಡದು ಮಾಡಿರಲಿಲ್ಲ. ಕಂಟೇನರ್ ಯಂತ್ರದ ತಾಪಮಾನದ ದಾಖಲೆ ತರಿಸಿದೆವು. ಹಡಗಿನಲ್ಲಿ ಎಲ್ಲ ಸರಿ. ರಸ್ತೆಯಲ್ಲಿ ಮಾತ್ರ ನಡುನಡುವೆ ಖಾಲಿ. ಯಂತ್ರ ನಿಂತಾಗ ಬರೆಯುವುದೂ ನಿಲ್ಲುತ್ತದೆ, ಯಾಕೆ ನಿಂತಿತು ಎಂದು ಅದು ಹೇಳುವುದಿಲ್ಲ.

"ಡ್ರೈವರ್ ಡೀಸೆಲ್ ಮಾರಿದ್ದಾನೆ. ಮತ್ತೆಂಥ ಉಂಟು ಇದರಲ್ಲಿ," ಎಂದರು ಶೆಟ್ಟರು. ನನಗೂ ಹಾಗೇ ಅನ್ನಿಸಿತು.

ಅರ್ಬಾಬ್ ಎಲ್ಲ ಕೇಳಿ ಒಂದು ಅವಕಾಶ ಕೊಟ್ಟರು. "ಇನ್ನೊಂದೇ ಒಂದು ಕಂಟೇನರ್. ರಂಜಾನ್ ಮೊದಲು ನನ್ನ ಬಾಗಿಲಲ್ಲಿ ಇರಬೇಕು. ಬಾಗಿಲ ಬಳಿಯ ಪೆಟ್ಟಿಗೆಯನ್ನೇ ನೋಡುತ್ತೇನೆ. ಅದು ಇಟ್ಟಿಗೆಯಾದರೆ ನಿನ್ನ ಬುಟ್ಟಿಯ ತಳದ ಕಥೆ ಹೇಳಬೇಡ."

ಹೀಗೆ ನಾನು ಮತ್ತೆ ಕಂಪಾಲಾಗೆ ಹೋದೆ. ಈ ಸಲ ಲಾರಿಯಲ್ಲೇ ಮೊಂಬಾಸಾ ತನಕ ಕೂತು ಹೋಗುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಎಸ್ತರ್‌ಬಾಯಿ ಕಂದು ಟೇಪಿನ ಪೆಟ್ಟಿಗೆಯ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ನನ್ನ ಪೆಟ್ಟಿಗೆಯನ್ನು ನನ್ನ ಜನ ಬಿಟ್ಟು ಇನ್ನಾರೋ ಮುಚ್ಚಿದ್ದಾರೆ. ಯಾರು ಎಂದು ನೋಡಿಕೊಂಡು ಹೇಳಿ," ಎಂದಷ್ಟೇ ಹೇಳಿದರು. ತುಂಬುವ ದಿನ ಪ್ರತಿ ಪೆಟ್ಟಿಗೆಯನ್ನೂ ತಾವೇ ಮುಟ್ಟಿ ಒಳಗೆ ಕಳಿಸಿದರು.

ಲಾರಿಯ ಡ್ರೈವರ್ ಜುಮಾ, ಕೆನ್ಯಾದವನು, ಮೊದಲ ಕಂಟೇನರ್ ಒಯ್ದವನೂ ಅವನೇ. ಅವನ ಕಳ್ಳತನ ಹಿಡಿಯಲು ನಾನು ಗೆರೆ ಕೆತ್ತಿದ ಒಂದು ಕಬ್ಬಿಣದ ಸರಳು ಒಯ್ದಿದ್ದೆ. ಲಾರಿ ನಿಂತಲ್ಲೆಲ್ಲ ಇಳಿದು ಜನರೇಟರಿನ ಟ್ಯಾಂಕಿಗೆ ಅದನ್ನು ಅದ್ದಿ ಡೀಸೆಲ್ ಅಳೆಯುತ್ತಿದ್ದೆ. ನಾಲ್ಕನೇ ಸಲ ಇಳಿದಾಗ ಜುಮಾ ಕಿಟಕಿಯಿಂದ ತಲೆ ಹೊರಗೆ ಹಾಕಿದ. ನಮ್ಮ ಮಾತು ಇಂಗ್ಲಿಷಿನಲ್ಲಿ, ಇಬ್ಬರದೂ ಹರಕು, ನಡುನಡುವೆ ಅವನ ಬ್ವಾನಾ, ಅಂದರೆ ಸಾಹೇಬ.

"ಬ್ವಾನಾ, ಆ ಕೋಲಿಗೆ ದಿನಕ್ಕೆ ಎಷ್ಟು ಸ್ನಾನ?"

ಡೀಸೆಲ್ ಒಂದು ಗೆರೆಯೂ ಹೆಚ್ಚು ಇಳಿದಿರಲಿಲ್ಲ.

ಗಡಿ ಬಂತು. ಲಾರಿಗಳ ಉದ್ದ ಸಾಲು. ನಮ್ಮ ಸರದಿ ಬಂದದ್ದು ಬಿಸಿಲು ನೆತ್ತಿಗೆ ಏರಿದಾಗ. ಅಧಿಕಾರಿ ಕಾಗದ ಓದಿ ತಲೆ ಎತ್ತಿದ.

"ಫ್ರಿಜ್ಜಿನಲ್ಲಿ ಅನಾನಸಾ? ಅರಬರಿಗಾ?"

"ಹೌದು ಸಾಹೇಬರೆ."

"ಗಟ್ಟಿ ಮಾಡಿದ ಅನಾನಸನ್ನು ನಾನು ನೋಡಿಯೇ ಇಲ್ಲ. ತೆಗಿ."

ತೆಗೆಸುವುದು ಅವರ ಹಕ್ಕು. ಜುಮಾ ಮೊದಲು ಯಂತ್ರ ನಿಲ್ಲಿಸಿದ. ಅದು ಸರಿಯೇ. ಬಾಗಿಲು ತೆರೆದಿಟ್ಟು ಯಂತ್ರ ಓಡಿಸಿದರೆ ಹೊರಗಿನ ತೇವವನ್ನೆಲ್ಲ ಎಳೆದುಕೊಂಡು ಕೊಳವೆಗಳಿಗೆ ಮಂಜು ಕಟ್ಟುತ್ತದೆ. ಎರಡೂ ಬಾಗಿಲು ತೆರೆದಾಗ ಬಿಳಿಯ ಹೊಗೆ ಸುರಿಯಿತು. ಅಧಿಕಾರಿ, ಅವನ ಜೊತೆಯ ಇಬ್ಬರು, ಹಿಂದಿನ ಲಾರಿಯ ಡ್ರೈವರ್, ಬಾಳೆಹಣ್ಣು ಮಾರುವವಳು, ಎಲ್ಲರೂ ಸೇರಿದರು. ಒಂದು ಪೆಟ್ಟಿಗೆ ಕೆಳಗಿಳಿಯಿತು. ಒಬ್ಬ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡ, ಅದು ನಾಲಿಗೆಗೆ ಅಂಟಿದಾಗ ಕುಣಿದ. ಎಲ್ಲರೂ ನಕ್ಕರು. ಇನ್ನೊಬ್ಬ ಜೇಬಿನಿಂದ ಕಂದು ಟೇಪಿನ ಸುರುಳಿ ತೆಗೆದು ಬಹಳ ಅಚ್ಚುಕಟ್ಟಾಗಿ ಪೆಟ್ಟಿಗೆ ಮುಚ್ಚಿದ. ಯಾರೂ ಒಂದು ಚೀಲವನ್ನೂ ಕದಿಯಲಿಲ್ಲ. ಅವರಿಗೆ ನೋಡಬೇಕಿತ್ತು, ಅಷ್ಟೇ.

ಬಾಗಿಲು ಮುಚ್ಚಿತು. ಅಧಿಕಾರಿ ಕಾಗದ ಹಿಡಿದು ಒಳಗೆ ಹೋದ. ಜುಮಾ ಹೋಗಿ ಲಾರಿಯ ನೆರಳಿನಲ್ಲಿ ಕೂತ.

"ಜುಮಾ, ಯಂತ್ರ?"

"ಠಸ್ಸೆ ಬಿದ್ದಿಲ್ಲ, ಬ್ವಾನಾ. ಮತ್ತೆ ತೆಗಿ ಎಂದರೆ ಮತ್ತೆ ನಿಲ್ಲಿಸಬೇಕು. ಠಸ್ಸೆ ಬಿದ್ದ ಮೇಲೆಯೇ ಹಾಕುವುದು. ಎಲ್ಲರೂ ಹಾಗೇ."

"ಠಸ್ಸೆ ಯಾವಾಗ?"

"ಊಟ ಆದ ಮೇಲೆ."

ತಾಪಮಾನದ ದಾಖಲೆಯ ಖಾಲಿ ಜಾಗಗಳ ಲೆಕ್ಕ ನನಗೆ ಅಲ್ಲಿ ಹತ್ತಿತು. ಡೀಸೆಲ್ ಎಲ್ಲೂ ಹೋಗಿರಲಿಲ್ಲ. ತಪಾಸಣೆಯ ಠಾಣೆಯಿಂದ ಠಾಣೆಗೆ, ಸಮುದ್ರ ಮುಟ್ಟುವ ತನಕ, ಮೊದಲ ಕಂಟೇನರಿನ ಬಾಗಿಲೂ ಇದೇ ಬಿಸಿಲಿಗೆ ತೆರೆದಿತ್ತು. ಮುಚ್ಚಿದ ಮೇಲೆ ಠಸ್ಸೆ ಬೀಳುವ ತನಕ ಯಂತ್ರ ಸುಮ್ಮನೆ ನಿಂತಿತ್ತು. ಒಳಗಿನ ಹಣ್ಣು ಒಳಗಿನ ತಂಪಿನಲ್ಲೇ ಉಳಿಯಿತು, ಬಾಗಿಲ ಬಳಿಯದು ಕರಗಿ ಕರಗಿ ಗಟ್ಟಿಯಾಯಿತು. ಮತ್ತೆ ತೆಗಿ ಎಂದರೆ ಬೈಗುಳ ನನಗೆ ಇರಲಿ ಎಂದು ಒಪ್ಪಿಸಿ ಜುಮಾನಿಂದ ಯಂತ್ರ ಹಾಕಿಸಿದೆ. ಸರಳನ್ನು ಲಾರಿಯ ಸೀಟಿನ ಹಿಂದೆ ಎಸೆದೆ. ಆಮೇಲೆ ಎಸ್ತರ್‌ಬಾಯಿಗೆ ಫೋನ್ ಮಾಡಿದೆ.

ಆಕೆ ಎಲ್ಲ ಕೇಳಿ ನಕ್ಕುಬಿಟ್ಟರು.

"ಶೆಡ್ಡು ಶುರುವಾದಾಗ ನನ್ನ ಗೇಟಿಗೂ ಜನ ಬಂದಿದ್ದರು, ಮಿಸ್ಟರ್ ಈರಣ್ಣ. ಕೆಲಸದ ಹೆಂಗಸರ ಗಂಡಂದಿರು, ಅತ್ತೆಯರು, ಪಾದ್ರಿ. ಎಲ್ಲರಿಗೂ ಫ್ರೀಜರಿನ ಬಾಗಿಲು ತೆಗೆದು ನೋಡಬೇಕು. ನಾನು ಯಾರನ್ನೂ ಒಳಗೆ ಬಿಡಲಿಲ್ಲ. ಒಂದು ತಟ್ಟೆ ತುಂಬ ಹಣ್ಣನ್ನು ಗೇಟಿಗೇ ಕಳಿಸಿದೆ. ತಿಂದರು, ಹಲ್ಲು ಹಿಡಿದುಕೊಂಡರು, ಹೋದರು."

ಎಷ್ಟು ಸುಲಭವಾದ ಮಾತು. ಗಡಿಯ ಪೇಟೆಯಲ್ಲಿ ಒಂದು ಐಸ್ ಡಬ್ಬಿ, ಐಸು, ಒಂದು ತಟ್ಟೆ ಕೊಂಡೆ. ಠಾಣೆಯವರು ತೆರೆದಿದ್ದ ಪೆಟ್ಟಿಗೆಯನ್ನು, ಹೊಸ ಮೊಹರು ಬೀಳುವ ಮೊದಲೇ ಅವರನ್ನು ಕೇಳಿ ಕ್ಷಣಮಾತ್ರ ಬಾಗಿಲು ಸರಿಸಿ ಹೊರಗೆ ತೆಗೆದು, ಅದರ ಚೀಲಗಳನ್ನು ಡಬ್ಬಿಗೆ ಹಾಕಿ ಜುಮಾನ ಪಕ್ಕ ಇಟ್ಟೆ. ಮುಂದಿನ ಠಾಣೆಯಲ್ಲಿ "ಏನಿದೆ?" ಎಂದಾಗ ಬಾಗಿಲಿನ ಕಡೆ ಹೋಗುವ ಮೊದಲೇ ಜುಮಾ ತಟ್ಟೆ ಹಿಡಿದ. ನೋಡಿದರು, ಮುಟ್ಟಿದರು, ತಿಂದರು, ಬಾಗಿಲಿನ ಮೊಹರು ಓದಿ ಠಸ್ಸೆ ಒತ್ತಿದರು. ಅದರ ಮುಂದಿನ ಠಾಣೆಯಲ್ಲೂ ಹಾಗೇ. ಇದನ್ನು ಲಂಚ ಎನ್ನುವವರು ಅನ್ನಲಿ. ನಾನು ಯಾರನ್ನೂ ಬಾಗಿಲು ತೆಗೆಯಬೇಡಿ ಎನ್ನಲಿಲ್ಲ, ನೋಡುವ ಆಸೆಯನ್ನು ಲಾರಿಯ ಮುಂಭಾಗದಲ್ಲೇ ತೀರಿಸಿದೆ.

ಒಬ್ಬ ಮಾತ್ರ ಬಗ್ಗಲಿಲ್ಲ. ಮೊಂಬಾಸಾ ಇನ್ನೂ ದೂರ ಇತ್ತು. ಕನ್ನಡಕದ ಹಿರಿಯ ಅಧಿಕಾರಿ ಒಂದು ತುಂಡು ತಿಂದು, ಕೈ ಒರೆಸಿಕೊಂಡು, "ರುಚಿಯಾಗಿದೆ. ಈಗ ಬಾಗಿಲು ತೆಗಿ," ಎಂದರು. ಮಧ್ಯಾಹ್ನದ ಉರಿ ಬಿಸಿಲು. ಎದುರಿನವರನ್ನು ಕೂರಿಸಲು ನೆಪ ಬೇಕಿತ್ತು.

"ಸಾಹೇಬರೆ, ತೆಗೆಯುತ್ತೇನೆ. ಸಂಜೆ ತೆಗೆಯುತ್ತೇನೆ. ಅಲ್ಲಿಯ ತನಕ ಈ ಎಲ್ಲ ಲಾರಿಗಳನ್ನು ಬಿಡಿ, ನನ್ನನ್ನು ಕೊನೆಗೆ ಹಾಕಿ."

ಅವರು ಕನ್ನಡಕ ಕೆಳಗಿಳಿಸಿ ನೋಡಿದರು. "ಈ ಕೆಲಸದಲ್ಲಿ ಎಲ್ಲರೂ ನನ್ನನ್ನು ಮೊದಲು ಬಿಡಿ ಎನ್ನುತ್ತಾರೆ. ಕೊನೆಗೆ ಹಾಕಿ ಎಂದವನು ನೀನೊಬ್ಬನೇ. ಒಳಗೆ ಏನಿದೆ?"

ಅನುಮಾನ ಹೆಚ್ಚಾಯಿತು. ಜುಮಾ ನನ್ನನ್ನು ನೋಡಿದ ನೋಟದಲ್ಲಿ, ಇವನಿಂದ ನನಗೂ ಜೈಲು ಎಂದು ಬರೆದಿತ್ತು. ನಾನು ಡಬ್ಬಿಯಿಂದ ಒಂದು ತುಂಡು ತೆಗೆದು ಲಾರಿಯ ಬಾನೆಟ್ಟಿನ ಮೇಲಿಟ್ಟೆ.

"ಇದು ಇಲ್ಲಿರಲಿ ಸಾಹೇಬರೆ. ನೀವು ನನ್ನ ಕಾಗದಗಳನ್ನು ಇನ್ನೊಮ್ಮೆ ಓದಿ. ಓದಿ ಮುಗಿದ ಮೇಲೆ ಇದನ್ನು ನೋಡಿ."

ಅವರು ಓದಲು ಶುರು ಮಾಡಿದರು. ಎರಡನೇ ಹಾಳೆಗೆ ಬರುವಾಗ ತುಂಡಿನ ಸುತ್ತ ನೀರು. ಮೂರನೇ ಹಾಳೆಗೆ ಅದು ಜೋತುಬಿತ್ತು. ಓದು ಮುಗಿದಾಗ ಬಾನೆಟ್ಟಿನ ಮೇಲೆ ಇದ್ದದ್ದು ಒಂದು ಹಳದಿ ಕಲೆ, ಅದರ ಮೇಲೆ ಎರಡು ನೊಣ.

"ಒಳಗೆ ಇರುವುದೆಲ್ಲ ಇದೇ," ಎಂದೆ. "ಇದನ್ನು ತಯಾರಿಸುವ ಹೆಂಗಸಿಗೆ ಗಿರಾಕಿ ನಾವೊಬ್ಬರೇ. ಇದು ಹೀಗಾಗಿ ಅಲ್ಲಿಗೆ ಹೋದರೆ ಆಕೆಯ ಶೆಡ್ಡು ಮುಚ್ಚುತ್ತದೆ."

ಅವರು ಬಾನೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. "ಪಕ್ಕಕ್ಕೆ ಹಾಕು. ಯಂತ್ರ ನಿಲ್ಲಿಸಬೇಡ," ಎಂದು ಹಿಂದಿನ ಲಾರಿಯವನನ್ನು ಕರೆದರು.

ನಾನು ಜೀವನವೆಲ್ಲ ದರ ಇಳಿಸಲು ಚೌಕಾಶಿ ಮಾಡಿದವನು. ಹೊತ್ತು ಇಳಿಯಲಿ ಎಂದು ಚೌಕಾಶಿ ಮಾಡಿದ್ದು ಅದೊಂದೇ ಸಲ. ಸೂರ್ಯ ಮುಳುಗಿ ಗಾಳಿ ತಂಪಾದ ಮೇಲೆ ಅವರು ಟಾರ್ಚ್ ಹಿಡಿದು ಬಂದರು. ಒಂದೇ ಬಾಗಿಲು ತೆರೆಸಿದರು. ಬೆಳಕನ್ನು ಮೇಲಿಂದ ಕೆಳಗೆ ಒಮ್ಮೆ ಆಡಿಸಿ, "ಮುಚ್ಚು, ಮುಚ್ಚು," ಎಂದು ತಾವೇ ಬಾಗಿಲು ತಳ್ಳಿದರು. ಜುಮಾ ಈ ಸಲ ಠಸ್ಸೆಗೆ ಕಾಯದೆ ಯಂತ್ರ ಹಾಕಿದ.

ಕಂಟೇನರ್ ಹಡಗು ಹತ್ತಿತು, ನಾನು ಮಸ್ಕತ್ತಿಗೆ ಮರಳಿದೆ. ಈಗ ಕಂಟೇನರ್ ಎಲ್ಲಿದೆ, ಬಾಗಿಲು ಯಾವಾಗ ತೆರೆಯಿತು ಎಂದು ಕುಳಿತಲ್ಲೇ ತಿಳಿಸುವ ಉಪಕರಣಗಳು ಬಂದಿವೆಯಂತೆ. ಒಳ್ಳೆಯದು, ಬಳಸಿ. ನಾವು ಆಮೇಲಾಮೇಲೆ ಕಂಟೇನರಿನ ಬಾಗಿಲ ಒಳಗೆ ಕೋಲ್ಡ್ ಸ್ಟೋರಿಗೆ ತೂಗುಬಿಡುವಂಥ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಕಟ್ಟಿಸಿದೆವು, ಅದು ಶೆಟ್ಟರ ಸಲಹೆ. ತಟ್ಟೆಯನ್ನು ಮಾತ್ರ ಕೊನೆಯ ತನಕ ಬಿಡಲಿಲ್ಲ. ಉಪಕರಣ ಬಾಗಿಲು ತೆರೆದದ್ದನ್ನು ಹೇಳುತ್ತದೆ, ತೆರೆಯುವವನ ಜೊತೆ ಅದು ಮಾತಾಡುವುದಿಲ್ಲ.

ಆದರೆ ಆ ಎರಡನೇ ಕಂಟೇನರಿಗೆ ಪರದೆ ಇರಲಿಲ್ಲ. ಗಡಿಯಲ್ಲಿ ಒಮ್ಮೆ ಅದು ಉರಿ ಬಿಸಿಲಿಗೆ ತೆರೆದಿತ್ತು. ಹಣ್ಣು ಕರಗಲು ಆ ಒಂದು ಸಲವೇ ಸಾಕಾಯಿತೋ ಹೇಗೋ ಎನ್ನುವುದು ನನಗೂ ಗೊತ್ತಿರಲಿಲ್ಲ, ಎಸ್ತರ್‌ಬಾಯಿಗೂ ಗೊತ್ತಿರಲಿಲ್ಲ. ಹಡಗಿನ ದಿನಗಳಲ್ಲಿ ಆಕೆ ಒಂದು ಸಲವೂ ಫೋನ್ ಮಾಡಲಿಲ್ಲ.

ಮಸ್ಕತ್ತಿನ ಮತ್ರಾ ಬಂದರಿನಿಂದ ಅದು ಬರ್ಕಾಕ್ಕೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ರಂಜಾನ್‌ಗೆ ಇನ್ನು ಕೆಲವೇ ದಿನ. ಕೋಲ್ಡ್ ಸ್ಟೋರಿಗೆ ಎಂದೂ ಕಾಲಿಡದ ಅರ್ಬಾಬ್ ಬಿಳಿಯ ನಿಲುವಂಗಿಯಾದ ದಿಶ್‌ದಾಶಾದಲ್ಲಿ ಬಂದು ನಿಂತರು. ಬುಟ್ಟಿಯ ತಳದ ಕಥೆ ಹೇಳಬಾರದೆಂದು ನನಗೆ ಮೊದಲೇ ಅಪ್ಪಣೆಯಾಗಿತ್ತು. ಶೆಟ್ಟರು ಬಾಗಿಲು ತೆಗೆದು ಮೊದಲ ಸಾಲಿನ ಮೊದಲ ಪೆಟ್ಟಿಗೆ ಬಿಚ್ಚಿ, ಚೀಲವೊಂದನ್ನು ಎತ್ತಿ ಅಲ್ಲಾಡಿಸಿದರು.

ಸದ್ದಿಲ್ಲ.

ಶೆಟ್ಟರು ನನ್ನ ಮುಖ ನೋಡಲಿಲ್ಲ. ಚೀಲವನ್ನು ಅಂಗೈಯಿಂದ ಒಮ್ಮೆ ತಟ್ಟಿದರು. ತುಂಡುಗಳ ನಡುವೆ ತೆಳುವಾಗಿ ಕಟ್ಟಿದ್ದ ಮಂಜು ಒಡೆಯಿತು. ಮತ್ತೆ ಅಲ್ಲಾಡಿಸಿದರು. ಗಲಗಲ.

"ಉಂಟು ಮಾರಾಯ್ರೆ," ಎಂದರು ಮೆಲ್ಲಗೆ.

ಎರಡನೇ ಪೆಟ್ಟಿಗೆ, ಮೂರನೇ ಪೆಟ್ಟಿಗೆ. ಎಲ್ಲದರಲ್ಲೂ ಗಲಗಲ. ಅರ್ಬಾಬ್ ಶೆಟ್ಟರ ಕೈಯಿಂದ ಒಂದು ಚೀಲ ತೆಗೆದುಕೊಂಡು ಫೋನಿನ ಹಾಗೆ ಕಿವಿಗೆ ಹಿಡಿದರು. ಅಲ್ಲಾಡಿಸಿದರು. ಸ್ವಾಹಿಲಿಯಲ್ಲಿ ಏನೋ ಅಂದರು, ಆದರೆ ಸಿಟ್ಟಿನ ಸ್ವಾಹಿಲಿ ಅದಾಗಿರಲಿಲ್ಲ. ಆಮೇಲೆ ಹಿಂದಿಯಲ್ಲಿ, "ಯಲ್ಲಾ, ಇಳಿಸಿ. ಇಬ್ರಾಕ್ಕೆ ಮೊದಲು ಕಳಿಸಿ. ಸುತ್ತಿಗೆಯವನಿಗೆ," ಎಂದರು. ಬಾಗಿಲ ಬಳಿ ಹೋದವರು ತಿರುಗಿ, "ಮುಂದಿನದಕ್ಕೂ ಆ ಹೆಂಗಸಿಗೇ ಹೇಳು," ಎಂದರು.

ನಾನು ಅಲ್ಲೇ, ಕಂಟೇನರಿನ ಬಾಯಿಯಲ್ಲಿ ನಿಂತು ಕಂಪಾಲಾಗೆ ಫೋನ್ ಹಚ್ಚಿದೆ. ಆಮೇಲೆ ನೆನಪಾಯಿತು, ಶನಿವಾರ, ಆಕೆ ಎತ್ತುವುದಿಲ್ಲ. ಇಡಬೇಕು ಎನ್ನುವಷ್ಟರಲ್ಲಿ ಮೊದಲ ರಿಂಗಿಗೇ ಫೋನ್ ಎತ್ತಿದರು. ಹಲೋ ಎನ್ನಲಿಲ್ಲ. ಉಸಿರಷ್ಟೇ ಕೇಳಿಸುತ್ತಿತ್ತು.

ಬಾಗಿಲ ಬಳಿಯ ಪೆಟ್ಟಿಗೆಯಿಂದ ಒಂದು ಚೀಲ ತೆಗೆದು, ಫೋನಿನ ಹತ್ತಿರ ಹಿಡಿದು, ಚೆನ್ನಾಗಿ ಅಲ್ಲಾಡಿಸಿದೆ.

"ಇನ್ನೊಮ್ಮೆ," ಎಂದರು ಎಸ್ತರ್‌ಬಾಯಿ. "ಹೆಂಗಸರೆಲ್ಲ ಇಲ್ಲೇ ಇದ್ದಾರೆ. ಇನ್ನೊಮ್ಮೆ, ಜೋರಾಗಿ."